ಹಳೆ ಮೋಟಾರ್‌ಹೋಮ್‌ನಲ್ಲಿ ಗ್ಯಾಸ್ ತೊಂದರೆ: ಟಾಂಕಿಗೆ ಕೈ ಹಾಕುವ ಮುಂಚೆ ನೋಡಬೇಕಾದ್ದು

ಒಲೆ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ಗಾಡಿಯೊಳಗೆ ಗ್ಯಾಸ್ ವಾಸನೆ ಬರುತ್ತಿದೆ. ಹಳೆ ಮೋಟಾರ್‌ಹೋಮ್ ಇಟ್ಟುಕೊಂಡವರಿಗೆ ಈ ಎರಡು ತಲೆನೋವು ಒಂದಲ್ಲ ಒಂದು ದಿನ ಬಂದೇ ಬರುತ್ತವೆ. ಆಗ ಎಲ್ಲರ ಕಣ್ಣೂ ಮೊದಲು ಬೀಳುವುದು ಟಾಂಕಿ ಮೇಲೆ. "ಟಾಂಕಿ ಹೋಗೇತ್ರಿ ಸರ, ಇಳಿಸಿ ಒಂದು ವೆಲ್ಡಿಂಗ್ ಹೊಡದ್ರ ಮುಗೀತು" ಅನ್ನುವವರು ಹುಬ್ಬಳ್ಳಿಯಲ್ಲೂ ಸಿಗುತ್ತಾರೆ, ಹಾವೇರಿಯಲ್ಲೂ ಸಿಗುತ್ತಾರೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ಗಾಡಿ ತಿರುಗಿಸಿಕೊಂಡು ಬನ್ನಿ. ಗ್ಯಾಸ್ ಟಾಂಕಿಗೆ ಗ್ಯಾರೇಜಿನಲ್ಲಿ ವೆಲ್ಡಿಂಗ್ ಹೊಡೆಯುವ ಹಾಗಿಲ್ಲ. ಖಾಲಿ ಇದ್ದರೂ ಇಲ್ಲ, ಖಾಲಿ ಟಾಂಕಿಯಲ್ಲಿ ಉಳಿದ ಗ್ಯಾಸ್ ಗಾಳಿ ಜೊತೆ ಬೆರೆತಾಗಲೇ ಸಿಡಿಯುವ ಅಪಾಯ ಜಾಸ್ತಿ.

ನಾನು ಹೇಳಬೇಕಾಗಿರುವುದು ಇಷ್ಟೇ: ಟಾಂಕಿಯನ್ನು ನಾವು ರಿಪೇರಿ ಮಾಡುವಂತಿಲ್ಲ, ಮತ್ತು ಹೆಚ್ಚಿನ ಸಲ ಕೆಟ್ಟಿರುವುದು ಟಾಂಕಿ ಅಲ್ಲವೇ ಅಲ್ಲ. ಟಾಂಕಿಯ ಬಾಯಿಂದ ಬರ್ನರ್ ತನಕ ಇರುವ ದಾರಿಯಲ್ಲಿ ಎಲ್ಲೋ ಒಂದು ಕಡೆ ದೋಷ ಕೂತಿರುತ್ತದೆ. ಆ ದಾರಿಯನ್ನು ತುಂಡು ತುಂಡು ಮಾಡಿ ನೋಡಿಕೊಂಡು ಹೋದರೆ ಸಿಗುತ್ತದೆ. ಸುಮ್ನೆ ಅಂದಾಜಿನ ಮೇಲೆ ಒಂದೊಂದೇ ಸಾಮಾನು ಬದಲಿಸುತ್ತಾ ಹೋದರೆ ದುಡ್ಡು ಹೋಗುತ್ತದೆ, ದೋಷ ಉಳಿಯುತ್ತದೆ.

ನಿಮ್ಮ ಗಾಡಿಯಲ್ಲಿ ಇರುವುದು ಯಾವ ಟಾಂಕಿ?

ಇದನ್ನು ಮೊದಲು ಖಾತ್ರಿ ಮಾಡಿಕೊಳ್ಳಿ. ನಮ್ಮ ಕಡೆ ಹಳೆ ಮೋಟಾರ್‌ಹೋಮ್ ಅಂದರೆ ಹೆಚ್ಚಾಗಿ ಹಳೆ ಟೆಂಪೋ ಟ್ರಾವೆಲರ್ ಇಲ್ಲವೇ ಮಿನಿ ಬಸ್, ಸೀಟು ಕಿತ್ತು ಮಂಚ, ಒಲೆ, ಸಿಂಕ್ ಕೂರಿಸಿರುತ್ತಾರೆ. ಇವುಗಳಲ್ಲಿ ಮಾಮೂಲಿ ಸಿಲಿಂಡರನ್ನೇ ಹಿಂದಿನ ಪೆಟ್ಟಿಗೆಯಲ್ಲಿ ನಿಲ್ಲಿಸಿರುತ್ತಾರೆ. ಹೊರದೇಶದಲ್ಲಿ ತಯಾರಾದ ಗಾಡಿಗಳಲ್ಲಿ ಚಾಸಿಗೆ ಕಟ್ಟಿದ, ಕೆಳಗೆ ಜೋತುಬಿದ್ದ ಕಾಯಂ ಟಾಂಕಿ ಇರಬಹುದು. ಮೂರನೆಯದು ಇಂಜಿನ್‌ಗೆ ಗ್ಯಾಸ್ ಕೊಡುವ ಟಾಂಕಿ, ಹಳೆ ಓಮ್ನಿಗಳಲ್ಲಿ ಇರುತ್ತಲ್ಲ, ಅದು.

ಈ ಮೂರನೆಯದರಿಂದ ಒಲೆಗೆ ಪೈಪು ಎಳೆಯುವ ಯೋಚನೆ ಕೆಲವರಿಗೆ ಬರುತ್ತದೆ. ಬೇಡವೇ ಬೇಡ. ಒಲೆಗೆ ಬೇಕಾಗಿರುವುದು ಟಾಂಕಿಯ ಮೇಲ್ಭಾಗದಲ್ಲಿ ನಿಂತ ಆವಿ. ಇಂಜಿನ್ ಟಾಂಕಿಯ ಪೈಪು ತಳದಿಂದ ದ್ರವವನ್ನೇ ಎತ್ತಿಕೊಡುತ್ತದೆ, ಅದನ್ನು ಇಂಜಿನ್ ಹತ್ತಿರದ ವೇಪರೈಸರ್ ಆವಿ ಮಾಡುತ್ತದೆ. ದ್ರವ ಬಂದು ಒಲೆಯ ರೆಗ್ಯುಲೇಟರ್‌ಗೆ ನುಗ್ಗಿದರೆ ಉರಿ ಒಮ್ಮೆಲೇ ಆಳೆತ್ತರ ಏಳಬಹುದು. ಮಾಮೂಲಿ ಸಿಲಿಂಡರನ್ನು ಅಡ್ಡ ಮಲಗಿಸಿದರೂ ಇದೇ ಕತೆ. ರೆಗ್ಯುಲೇಟರ್ ಮೇಲೆ ಹಿಮದ ಹಾಗೆ ಬಿಳಿ ಕಟ್ಟುತ್ತಿದೆ, ಉರಿ ಉಗುಳಿ ಉಗುಳಿ ಹಳದಿಯಾಗಿ ಏಳುತ್ತಿದೆ ಅಂದರೆ ದ್ರವ ಬರುತ್ತಿದೆ ಅಂತ ತಿಳಿಯಿರಿ. ವಾಲ್ವ್ ಮುಚ್ಚಿ, ಸಿಲಿಂಡರ್ ನೆಟ್ಟಗೆ ನಿಲ್ಲಿಸಿ, ಗಾಡಿಯೊಳಗೆ ಸೇರಿದ ಗ್ಯಾಸ್ ಪೂರ್ತಿ ಹೊರಗೆ ಹೋಗುವ ತನಕ ಬೆಂಕಿ ಹಚ್ಚಬೇಡಿ.

ವಾಸನೆ ಬಂದರೆ

ಎಲ್‌ಪಿಜಿಗೆ ತನ್ನದೇ ವಾಸನೆ ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ನಮಗೆ ಗೊತ್ತಾಗಲಿ ಅಂತಲೇ ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ನಮ್ಮ ಅಡುಗೆ ಗ್ಯಾಸು ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯುಟೇನ್ ಸುಮಾರು ಎರಡು ಪಟ್ಟು. ಹಾಗಾಗಿ ಸೋರಿದ ಗ್ಯಾಸ್ ಮೇಲೆ ಹೋಗುವುದಿಲ್ಲ, ನೆಲಕ್ಕೆ ಇಳಿದು ಮಂಚದ ಕೆಳಗೆ, ಸೀಟಿನ ಪೆಟ್ಟಿಗೆಯೊಳಗೆ ನಿಲ್ಲುತ್ತದೆ. ನಿಂತುಕೊಂಡು ಮೂಸಿದರೆ ಏನೂ ಇಲ್ಲ ಅನಿಸಬಹುದು, ಬಗ್ಗಿ ಮೂಸಿದರೆ ಗೊತ್ತಾಗುತ್ತದೆ. ಗಾಳಿಯಲ್ಲಿ ಶೇ. 2ರ ಹತ್ತಿರ ಗ್ಯಾಸ್ ಸೇರಿದರೂ ಕಿಡಿಗೆ ಹತ್ತಿಕೊಳ್ಳುತ್ತದೆ. ಗಾಡಿಯಂಥ ಚಿಕ್ಕ ಜಾಗದಲ್ಲಿ ಅಷ್ಟಾಗಲು ಜಾಸ್ತಿ ಹೊತ್ತು ಬೇಡ.

ವಾಸನೆ ಜೋರಾಗಿದ್ದರೆ ದೋಷ ಹುಡುಕುವ ಹೊತ್ತಲ್ಲ ಅದು. ವಾಲ್ವ್ ಮುಚ್ಚಿ. ಬಾಗಿಲು, ಕಿಟಕಿ ಎಲ್ಲ ತೆರೆಯಿರಿ. ಎಲ್ಲರನ್ನೂ ಇಳಿಸಿ. ಲೈಟ್, ಫ್ಯಾನ್, ಇನ್ವರ್ಟರ್ ಯಾವುದನ್ನೂ ಹಾಕಲೂ ಬೇಡಿ, ಆರಿಸಲೂ ಬೇಡಿ, ಸ್ವಿಚ್ಚಿನ ಒಳಗಿನ ಸಣ್ಣ ಕಿಡಿ ಸಾಕು. ಗಾಡಿ ಸ್ಟಾರ್ಟ್ ಮಾಡಬೇಡಿ. ದೂರ ಹೋಗಿ ನಿಂತು 1906ಕ್ಕೆ ಫೋನ್ ಮಾಡಿ, ಅದು ಅಡುಗೆ ಗ್ಯಾಸ್ ಸೋರಿಕೆಗೆಂದೇ ಇರುವ ನಂಬರ್.

ಗಾಡಿಯ ತಳದಲ್ಲಿ, ಗ್ಯಾಸ್ ಪೆಟ್ಟಿಗೆಯ ನೆಲದಲ್ಲಿ, ಗ್ಯಾಸ್ ಕೆಳಗೆ ಹರಿದುಹೋಗಲಿ ಅಂತ ತೂತು ಬಿಟ್ಟಿರಬೇಕು. ಇದನ್ನು ನೋಡುವವರು ಕಡಿಮೆ. ನಮ್ಮ ಎರೆ ಮಣ್ಣಿನ ದಾರಿಯಲ್ಲಿ ಮಳೆಗಾಲಕ್ಕೆ ಒಂದು ಸಲ ಓಡಾಡಿ ಬಂದರೆ ಆ ತೂತು ಕೆಸರು ಮೆತ್ತಿ ಕಲ್ಲಾಗಿರುತ್ತದೆ. ಇನ್ನು ಕೆಲವರು ಧೂಳು ಬರುತ್ತೆ, ಇಲಿ ಬರುತ್ತೆ ಅಂತ ತಾವೇ ಬಟ್ಟೆ ತುರುಕಿರುತ್ತಾರೆ. ಬಟ್ಟೆ ತೆಗೆದು ಜಾಳಿಗೆ ಹಾಕಿ. ಇಲಿಯ ಭಯ ಸುಳ್ಳಲ್ಲ, ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇಲಿ ರಬ್ಬರ್ ಪೈಪನ್ನೇ ಕಡಿದಿರುವುದು ಉಂಟು. ಆದರೆ ತೂತು ಮುಚ್ಚುವುದು ಅದಕ್ಕೆ ಮದ್ದಲ್ಲ.

ವಾಸನೆ ಸಣ್ಣಗೆ ಬಂದು ಹೋಗಿ ಮಾಡುತ್ತಿದ್ದರೆ ಒಂದು ವಿಷಯ ನೆನಪಿಡಿ. ಸಿಲಿಂಡರ್ ಮುಗಿಯುತ್ತಾ ಬಂದಾಗ ವಾಸನೆಯ ವಸ್ತು ತಳದಲ್ಲಿ ಉಳಿದ ದ್ರವದಲ್ಲಿ ಗಟ್ಟಿಯಾಗುತ್ತದೆ, ಆಗ ಒಲೆ ಹಚ್ಚುವಾಗ ವಾಸನೆ ಜಾಸ್ತಿ ಅನಿಸುತ್ತದೆ. ಹಾಗಂತ ಬಿಟ್ಟುಬಿಡುವುದಲ್ಲ, ಸೋಪಿನ ನೀರು ಹಾಕಿ ನೋಡಿಯೇ ಸಮಾಧಾನ ಮಾಡಿಕೊಳ್ಳಬೇಕು.

ಗ್ಯಾಸ್ ಅಲ್ಲದ ವಾಸನೆ

ಇದನ್ನು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಇಲ್ಲಿ ಜನ ಪೂರಾ ದಾರಿ ತಪ್ಪುತ್ತಾರೆ. ಗ್ಯಾಸ್ ಅಲಾರಂ ಹೊಡೆದುಕೊಳ್ಳುತ್ತದೆ, ಕೊಳೆತ ಮೊಟ್ಟೆಯಂಥ ವಾಸನೆಯೂ ಇರುತ್ತದೆ, ಆದರೆ ಸಿಲಿಂಡರ್ ಇಳಿಸಿ ಹೊರಗಿಟ್ಟರೂ ನಿಲ್ಲುವುದಿಲ್ಲ. ಆಗ ಸೀಟಿನ ಕೆಳಗಿನ ಇನ್ವರ್ಟರ್ ಬ್ಯಾಟರಿಯನ್ನು ನೋಡಿ. ಆಸಿಡ್ ಬ್ಯಾಟರಿ ಅತಿಯಾಗಿ ಚಾರ್ಜ್ ಆದರೆ ಹೈಡ್ರೋಜನ್ ಬಿಡುತ್ತದೆ, ಒಳಗಿನ ಒಂದು ಸೆಲ್ ಕೆಟ್ಟಿದ್ದರೆ ಹೈಡ್ರೋಜನ್ ಸಲ್ಫೈಡ್ ಕೂಡ ಬರುತ್ತದೆ. ಮೊದಲನೆಯದಕ್ಕೆ ಅಲಾರಂ ಕೂಗುತ್ತದೆ, ಎರಡನೆಯದು ನಮ್ಮ ಮೂಗಿಗೆ ಗ್ಯಾಸ್ ಸೋರಿದ ಹಾಗೇ ಬಡಿಯುತ್ತದೆ. ಹತ್ತಿರ ಹೋದರೆ ಬ್ಯಾಟರಿಯ ಶಾಖ ಕೈಗೆ ತಗಲುತ್ತದೆ, ಕಿವಿಗೊಟ್ಟರೆ ಒಳಗೆ ಕುದಿಯುವ ಸದ್ದು. ನೀರಿನ ಮಟ್ಟ ಇಳಿದುಹೋಗಿರುತ್ತದೆ. ಇದು ಗ್ಯಾಸ್ ಸೋರಿಕೆಗಿಂತ ಕಮ್ಮಿ ಅಪಾಯದ್ದು ಅಂತ ಅಂದುಕೊಳ್ಳಬೇಡಿ, ಹೈಡ್ರೋಜನ್ ಇನ್ನೂ ಬೇಗ ಹತ್ತಿಕೊಳ್ಳುತ್ತದೆ ಮತ್ತು ಆ ಸಲ್ಫೈಡ್ ವಿಷ. ಮೊದಲು ಬಾಗಿಲು ತೆರೆದು ಗಾಳಿ ಆಡಲು ಬಿಡಿ, ವಾಸನೆ ಇಳಿದ ಮೇಲೆಯೇ ಚಾರ್ಜಿಂಗ್ ನಿಲ್ಲಿಸಿ ಬ್ಯಾಟರಿ ತೋರಿಸಿ.

ಅಲಾರಂ ಮೈಗೆ ಹೊಡೆದುಕೊಳ್ಳುವ ಸ್ಪ್ರೇಗೂ ಕೂಗುತ್ತದೆ, ಬ್ಯಾಟರಿ ವೋಲ್ಟೇಜ್ ಇಳಿದಾಗಲೂ ಕೂಗುತ್ತದೆ. ಅದಕ್ಕೂ ಆಯಸ್ಸು ಅಂತ ಇದೆ, ಮೈಮೇಲೆ ಬರೆದಿರುತ್ತಾರೆ, ಮುಗಿದಿದ್ದರೆ ಹೊಸದು ಹಾಕಿ. ನೆಲದ ಹತ್ತಿರ ಹಾಕಿ, ಮಾಡಿಗೆ ಹಾಕಿದರೆ ಪ್ರಯೋಜನ ಇಲ್ಲ.

ಸೋಪಿನ ನೀರು

ಎಲ್ಲರಿಗೂ ಗೊತ್ತಿರುವ ಕೆಲಸ, ಆದರೆ ಎಲ್ಲಿ ಹಚ್ಚಬೇಕು ಅನ್ನುವುದು ಮುಖ್ಯ. ಸಿಲಿಂಡರ್ ವಾಲ್ವಿನ ಒಳಗೆ ಒಂದು ಕರಿ ರಬ್ಬರ್ ವಾಷರ್ ಇರುತ್ತದೆ, ಅದು ಒಣಗಿ ಸೀಳಿದ್ದರೆ ರೆಗ್ಯುಲೇಟರ್ ಕೂರಿಸಿದ ಕೂಡಲೇ ಬುಡದಲ್ಲಿ ಗುಳ್ಳೆ ಏಳುತ್ತದೆ. ಸಿಲಿಂಡರ್ ತಂದುಕೊಡುವ ಹುಡುಗರೇ ಅದನ್ನು ಬದಲಿಸಿಕೊಡುತ್ತಾರೆ. ಆಮೇಲೆ ರಬ್ಬರ್ ಪೈಪಿನ ಎರಡೂ ತುದಿ, ತಾಮ್ರದ ಪೈಪಿನ ಪ್ರತಿ ನಟ್ಟು, ಒಲೆಯ ನಾಬ್‌ಗಳ ಬುಡ. ನಾಬ್ ಒಳಗಿನ ಗ್ರೀಸ್ ಒಣಗಿದ್ದರೆ ಅಲ್ಲೂ ಸಣ್ಣಗೆ ಸೋರುತ್ತದೆ, ಇದನ್ನು ಯಾರೂ ನೋಡುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಸೋಪು ಒರೆಸಿಬಿಡಿ, ಹಾಗೇ ಬಿಟ್ಟರೆ ಹಿತ್ತಾಳೆ ಕೆಡುತ್ತದೆ. ಬೆಂಕಿಕಡ್ಡಿ ಹಿಡಿದು ಸೋರಿಕೆ ನೋಡುವ ಅಭ್ಯಾಸ ಯಾರಿಗಾದರೂ ಇನ್ನೂ ಇದ್ದರೆ ಇವತ್ತೇ ಬಿಡಿ.

ರಬ್ಬರ್ ಪೈಪು ಕೇಸರಿ ಬಣ್ಣದ, ಒಳಗೆ ಉಕ್ಕಿನ ತಂತಿ ಹೆಣೆದ ಸುರಕ್ಷಾ ಪೈಪೇ ಆಗಿರಲಿ. ಅದರ ಮೇಲೇ ವರ್ಷ ಅಚ್ಚಾಗಿರುತ್ತದೆ, 5 ವರ್ಷಕ್ಕೆ ಬದಲಿಸಬೇಕು. ಒಂದೂವರೆ ಮೀಟರ್‌ಗಿಂತ ಉದ್ದ ಬೇಡ. ಪೈಪನ್ನು ಬಗ್ಗಿಸಿ ನೋಡಿ, ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟುಕೊಂಡರೆ ಅದರ ಕಾಲ ಮುಗಿಯಿತು.

ತಾಮ್ರದ ಪೈಪಿಗೆ ಚಪ್ಪಟೆ ಬಾಯಿ ಬಿಡಿಸಿ ಕೂರಿಸಿದ ನಟ್ಟು ಇದ್ದರೆ ಅಲ್ಲಿ ಟೆಫ್ಲಾನ್ ಟೇಪ್ ಸುತ್ತಬೇಡಿ. ಅಲ್ಲಿ ಸೋರದಂತೆ ತಡೆಯುವುದು ಲೋಹಕ್ಕೆ ಲೋಹ ಒತ್ತಿ ಕೂರುವುದು, ನಟ್ಟಿನ ತಿರುಪು ಅಲ್ಲ. ಪಾನಾ ಹಾಕಿ ಜೀವ ಬಿಟ್ಟು ಬಿಗಿದರೆ ಬಾಯಿಯೇ ಸೀಳುತ್ತದೆ. ಸೋರಿದರೆ ಬಾಯಿ ಕತ್ತರಿಸಿ ಹೊಸದಾಗಿ ಬಿಡಿಸಬೇಕು, ಅದೊಂದೇ ದಾರಿ.

ಉರಿ ಸಣ್ಣ: ನೀರಿನ ಪೈಪಿನ ಪರೀಕ್ಷೆ

ಇದೇ ಈ ಬರಹದ ಜೀವ. ಇದೊಂದನ್ನು ಕಲಿತರೆ ಉಳಿದದ್ದು ತಾನಾಗಿ ಬರುತ್ತದೆ.

ನಮ್ಮ ಮನೆಯ ಒಲೆಗೆ ಬೇಕಾದ ಗ್ಯಾಸ್ ಒತ್ತಡ ಸುಮಾರು 30 ಮಿಲಿಬಾರ್. ಸಿಲಿಂಡರ್ ಒಳಗೆ ಇದಕ್ಕಿಂತ ನೂರಾರು ಪಟ್ಟು ಇರುತ್ತದೆ, ರೆಗ್ಯುಲೇಟರ್ ಅದನ್ನು ಇಳಿಸಿ ಕೊಡುತ್ತದೆ. 30 ಮಿಲಿಬಾರ್ ಅಂದರೆ ಸುಮಾರು 30 ಸೆಂಟಿಮೀಟರ್ ನೀರನ್ನು ಎತ್ತಿ ನಿಲ್ಲಿಸುವಷ್ಟು ಒತ್ತಡ. ಹಾಗಾದರೆ ಅಳೆಯಲು ದುಬಾರಿ ಗೇಜ್ ಯಾಕೆ? ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದಲ್ಲ, ಅದು ಎರಡು ಮೀಟರ್ ಸಾಕು. ಒಂದು ಹಲಗೆಗೆ ಅದನ್ನು ಯು ಆಕಾರದಲ್ಲಿ ಬಗ್ಗಿಸಿ ಕಟ್ಟಿ, ಎರಡೂ ಕಾಲು 70 ಸೆಂಟಿಮೀಟರ್‌ನಷ್ಟಾದರೂ ಎತ್ತರ ಇರಲಿ. ಅರ್ಧದ ತನಕ ನೀರು ಹಾಕಿ, ಚೂರು ಕುಂಕುಮ ಕದಡಿದರೆ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಮಧ್ಯೆ ಮಕ್ಕಳ ಸ್ಕೇಲ್ ಅಂಟಿಸಿ.

ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ, ಬಾಗಿಲುಗಳನ್ನೆಲ್ಲ ತೆರೆದಿಡಿ. ಒಲೆಯ ಒಂದು ಬರ್ನರ್ ಎತ್ತಿ, ಅದರ ಕೆಳಗಿನ ಕೊಳವೆಯನ್ನೂ ತೆಗೆಯಿರಿ. ಗ್ಯಾಸ್ ಹೊರಬರುವ ಹಿತ್ತಾಳೆಯ ಸಣ್ಣ ಮೂತಿ, ಅಂದರೆ ಜೆಟ್, ಕಾಣುತ್ತದೆ. ಪೈಪಿನ ಒಂದು ತುದಿಯನ್ನು ಆ ಜೆಟ್ ಮೇಲೆ ಬಿಗಿಯಾಗಿ ತುರುಕಿ, ಇನ್ನೊಂದು ತುದಿ ತೆರೆದೇ ಇರಲಿ, ಗಾಡಿಯ ಹೊರಗೆ ಇರಲಿ. ಈಗ ಸಿಲಿಂಡರ್ ನಿಧಾನವಾಗಿ ತೆರೆದು, ಪೈಪು ಹಾಕಿದ ಬರ್ನರ್‌ನ ನಾಬ್ ತಿರುಗಿಸಿ. ಒಂದು ಕಾಲಲ್ಲಿ ನೀರು ಇಳಿಯುತ್ತದೆ, ಇನ್ನೊಂದರಲ್ಲಿ ಏರುತ್ತದೆ. ಎರಡೂ ಮಟ್ಟಗಳ ನಡುವಿನ ಪೂರ್ತಿ ಅಂತರವೇ ಒತ್ತಡ. ಒಂದೇ ಕಾಲಿನ ಏರಿಕೆಯನ್ನು ಲೆಕ್ಕ ಹಿಡಿದರೆ ಅರ್ಧ ತೋರಿಸುತ್ತದೆ.

ಏನೂ ಉರಿಯದೆ ಇದ್ದಾಗ ಅಂತರ 30 ಸೆಂಟಿಮೀಟರ್ ಇಲ್ಲವೇ ಅದಕ್ಕಿಂತ ಚೂರು ಮೇಲೆ ಬಂದು ನಿಲ್ಲಬೇಕು. ನಿಲ್ಲದೆ ಮೆಲ್ಲಗೆ ಏರುತ್ತಲೇ ಹೋಗಿ 40, 50 ಮುಟ್ಟಿದರೆ ರೆಗ್ಯುಲೇಟರ್ ಒಳಗೆ ಗ್ಯಾಸ್ ತಡೆದು ನಿಲ್ಲಿಸುವ ಸೀಟು ಸವೆದಿದೆ. ತಕ್ಷಣ ಸಿಲಿಂಡರ್ ಮುಚ್ಚಿ, ಆ ರೆಗ್ಯುಲೇಟರ್ ಮತ್ತೆ ಬಳಸಬೇಡಿ. ಬಿಚ್ಚಿ ರಿಪೇರಿ ಮಾಡುವ ವಸ್ತು ಅಲ್ಲ ಅದು, ಏಜೆನ್ಸಿಗೆ ಒಯ್ದು ಬದಲಿಸಿಕೊಳ್ಳಿ.

ಸರಿಯಾಗಿ ನಿಂತಿತು ಅನ್ನಿ. ಈಗ ಇನ್ನೊಂದು ಬರ್ನರ್ ಪೂರ್ತಿ ಹಚ್ಚಿ. ಅಂತರ 27, 28ಕ್ಕೆ ಇಳಿದರೆ ಚಿಂತೆ ಬೇಡ. 20ಕ್ಕಿಂತ ಕೆಳಗೆ ಬಿದ್ದರೆ ದಾರಿಯಲ್ಲಿ ಎಲ್ಲೋ ಅಡ್ಡ ಇದೆ. ಅಡ್ಡ ರೆಗ್ಯುಲೇಟರ್‌ನಲ್ಲಿದೆಯೋ ಪೈಪಿನಲ್ಲಿದೆಯೋ ಅಂತ ತಿಳಿಯಲು ರೆಗ್ಯುಲೇಟರ್ ಮುಗಿದ ಕೂಡಲೇ ಮೂರು ಬಾಯಿಯ ಒಂದು ಹಿತ್ತಾಳೆಯ ಟೀ ಜೋಡಣೆ ಹಾಕಿ ಅಲ್ಲೂ ಅಳೆಯಿರಿ. ಎರಡು ಕಡೆ ಅಳೆದರೆ ದೋಷ ಎರಡರ ಮಧ್ಯೆ ಸಿಕ್ಕಿಬೀಳುತ್ತದೆ.

ಧಾರವಾಡದ ಒಬ್ಬ ಪರಿಚಯದವರ ಹಳೆ ಟ್ರಾವೆಲರ್‌ನಲ್ಲಿ ಇದೇ ಆಗಿತ್ತು. ಒಂದೇ ಬರ್ನರ್ ಹಚ್ಚಿದರೆ ಹೇಗೋ ಉರಿಯುತ್ತದೆ, ಎರಡನೆಯದು ಹಚ್ಚಿದ ಕೂಡಲೇ ಎರಡೂ ಸೊರಗುತ್ತವೆ. ಅವರು ಸಿಲಿಂಡರ್ ಬದಲಿಸಿದ್ದರು, ರೆಗ್ಯುಲೇಟರ್ ಬದಲಿಸಿದ್ದರು, ಒಲೆಯನ್ನೇ ಹೊಸದು ತರಿಸುವ ಮಾತಾಡುತ್ತಿದ್ದರು. ನೀರಿನ ಪೈಪು ಹಾಕಿ ನೋಡಿದಾಗ ಒಲೆಯ ಕಡೆ ಅಂತರ 29ರಿಂದ 12ಕ್ಕೆ ಬಿತ್ತು. ರೆಗ್ಯುಲೇಟರ್ ಕಡೆ ಅಳೆದರೆ ಅಲ್ಲಿ 29ರಿಂದ ಅಲ್ಲಾಡಲೇ ಇಲ್ಲ. ಅಲ್ಲಿಗೆ ಸಿಲಿಂಡರ್, ರೆಗ್ಯುಲೇಟರ್, ಒಲೆ ಮೂರೂ ನಿರ್ದೋಷಿಗಳು. ಉಳಿದಿದ್ದು ನೆಲದ ಕೆಳಗಿನ ತಾಮ್ರದ ಪೈಪು. ಗಾಡಿ ಕೆಳಗೆ ಮಲಗಿ ಟಾರ್ಚ್ ಹಿಡಿದು ಕೆಸರು ಕೆರೆಯುತ್ತಾ ಹೋದೆವು. ಹಿಂದಿನ ಆಕ್ಸಲ್‌ಗೆ ಗೇಣು ದೂರದಲ್ಲಿ ಪೈಪು ಅಡ್ಡಲಾಗಿ ಒತ್ತಿ ಚಪ್ಪಟೆಯಾಗಿತ್ತು, ಹೊಳೆಯುವ ತಾಮ್ರದ ಮೇಲೆ ಜ್ಯಾಕ್ ತಲೆಯ ಹಲ್ಲಿನ ಗುರುತು ಸಾಲಾಗಿ ಮೂಡಿತ್ತು. ಎಂದೋ ಪಂಚರ್ ಹಾಕಿಸುವಾಗ ಯಾರೋ ಪೈಪಿನ ಮೇಲೇ ಜ್ಯಾಕ್ ಕೊಟ್ಟಿದ್ದರು. ಒಂದು ಬರ್ನರ್‌ಗೆ ಆ ಸಂದು ಹೇಗೋ ಸಾಕಾಗುತ್ತಿತ್ತು, ಎರಡಕ್ಕೆ ಸಾಲುತ್ತಿರಲಿಲ್ಲ. ಆ ತುಂಡು ಮಾತ್ರ ಬದಲಿಸಿದೆವು, ಹೊಸ ಪೈಪನ್ನು ಚಾಸಿಯ ಒಳಮಗ್ಗುಲಿಗೆ ತಂದು ಕ್ಲಿಪ್ ಹೊಡೆದೆವು, ನೆಲ ದಾಟುವ ತೂತಿಗೆ ರಬ್ಬರ್ ಬುಷ್ ಕೂರಿಸಿದೆವು. ಆ ಬುಷ್ ಇಲ್ಲದ ಗಾಡಿಗಳಲ್ಲಿ ತಗಡಿನ ಅಂಚು ಅಲುಗಾಟಕ್ಕೆ ತಾಮ್ರವನ್ನು ಗರಗಸದ ಹಾಗೆ ಸವೆಸುತ್ತದೆ.

ಇದೇ ನೀರಿನ ಪೈಪಿನಲ್ಲಿ ಕಣ್ಣಿಗೆ ಕಾಣದ ಸೋರಿಕೆಯನ್ನೂ ಹಿಡಿಯಬಹುದು. ಎಲ್ಲ ಬರ್ನರ್ ಆರಿಸಿ, ನೀರಿನ ಪೈಪು ಹಾಕಿದ ಬರ್ನರ್‌ನ ನಾಬ್ ಮಾತ್ರ ತೆರೆದೇ ಇರಲಿ, ಸಿಲಿಂಡರ್ ಮುಚ್ಚಿ. ಇನ್ನೊಂದು ಬರ್ನರ್ ಒಂದು ಕ್ಷಣ ಹಚ್ಚಿ ಅಂತರವನ್ನು 20 ಸೆಂಟಿಮೀಟರ್‌ಗೆ ಇಳಿಸಿ, ಹಚ್ಚಿದ ಬರ್ನರ್‌ನ ನಾಬ್ ಮುಚ್ಚಿಬಿಡಿ. ಈ ಇಳಿಸುವ ಕೆಲಸ ಬಿಡಬೇಡಿ. ಪೈಪಿನಲ್ಲಿ ಒತ್ತಡ ಪೂರ್ತಿ ಇದ್ದಾಗ ರೆಗ್ಯುಲೇಟರ್ ಒಳಗಿಂದ ಬಿಗಿದುಕೊಂಡಿರುತ್ತದೆ. ಅದರ ಹಿಂದೆ ಸಿಕ್ಕಿದ ಗ್ಯಾಸ್ ಆಮೇಲೆ ಮೆಲ್ಲಗೆ ಮುಂದೆ ಬಂದು ಸಣ್ಣ ಸೋರಿಕೆಯನ್ನು ಮುಚ್ಚಿಡುತ್ತದೆ. ಅಮೆರಿಕದ ಮೋಟಾರ್‌ಹೋಮ್ ಮೆಕ್ಯಾನಿಕ್‌ಗಳು ಹೀಗೇ 8 ಇಂಚು ನೀರಿಗೆ ತಂದು 3 ನಿಮಿಷ ಕಾಯುತ್ತಾರೆ, 8 ಇಂಚು ಅಂದರೆ ಇದೇ 20 ಸೆಂಟಿಮೀಟರ್. ನಾನು ಹತ್ತು ನಿಮಿಷ ಬಿಡುತ್ತೇನೆ. ನೀರು ಅಲ್ಲಾಡಬಾರದು. ಇಳಿದರೆ ಸೋರಿಕೆ ಇದೆ, ಸೋಪಿನ ನೀರು ಹಿಡಿದು ಹೊರಡಿ. ಏರಿದರೆ ಸಿಲಿಂಡರ್ ವಾಲ್ವೇ ಪೂರ್ತಿ ಮುಚ್ಚುತ್ತಿಲ್ಲ, ಆ ಸಿಲಿಂಡರ್ ವಾಪಸ್ ಕೊಡಿ. ಬಿಸಿಲಿಗೆ ನಿಂತ ಗಾಡಿಯಲ್ಲಿ ಪೈಪು ಕಾದು ನೀರು ಚೂರು ಏರುವುದೂ ಉಂಟು, ಹಾಗಾಗಿ ನೆರಳಲ್ಲಿ ಮಾಡಿ.

ಒತ್ತಡ ಸರಿ ಇದೆ, ಆದರೂ ಉರಿ ಸರಿಯಿಲ್ಲ

ಹಾಗಾದರೆ ಬರ್ನರ್ ನೋಡಿ. ಉರಿ ನೀಲಿಯಾಗಿ, ಒಳಗೆ ಚೂಪಾದ ಚಿಕ್ಕ ಕೋನ್ ಇದ್ದರೆ ಒಳ್ಳೆಯದು. ತುದಿ ಹಳದಿಯಾಗಿ ಪಾತ್ರೆ ತಳ ಕಪ್ಪಾದರೆ ಗಾಳಿ ಸಾಲುತ್ತಿಲ್ಲ. ಮಳೆಗಾಲ ಪೂರ್ತಿ ನಿಲ್ಲಿಸಿದ ಗಾಡಿಯಲ್ಲಿ ಇದಕ್ಕೆ ದೊಡ್ಡ ಕಾರಣ ಕಣಜದ ಹುಳು. ಬರ್ನರ್ ಕೆಳಗಿನ ಕೊಳವೆಯೊಳಗೆ ಮಣ್ಣಿನ ಗೂಡು ಕಟ್ಟಿಬಿಟ್ಟಿರುತ್ತದೆ. ಕೊಳವೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ಆ ಕಡೆ ಕಾಣದಿದ್ದರೆ ತಂತಿ ಹಾಕಿ ಕೆದಕಿ ತೆಗೆಯಿರಿ. ಜೇಡರ ಬಲೆಯೂ ಇಷ್ಟೇ ತೊಂದರೆ ಕೊಡುತ್ತದೆ. ಜೆಟ್ ತೂತಿಗೆ ಮಾತ್ರ ಸೂಜಿ ಹಾಕಬೇಡಿ, ತೂತು ದೊಡ್ಡದಾದರೆ ಗ್ಯಾಸ್ ಲೆಕ್ಕ ತಪ್ಪುತ್ತದೆ. ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿ, ಪೂರ್ತಿ ಒಣಗಿಸಿ, ಊದಿ ಹಾಕಿ. ಗದಗ ಕಡೆಯ ಗಾಳಿಯಲ್ಲಿ ಧೂಳು ಸೇರಿ ಉರಿಯಲ್ಲಿ ಕೇಸರಿ ಚುಕ್ಕೆಗಳು ಹಾರುತ್ತವೆ, ಅದು ದೋಷ ಅಲ್ಲ.

ಹಳದಿ ಉರಿಯನ್ನು ಹಾಗೇ ಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಡಿಸೆಂಬರ್ ಚಳಿಗೆ ಕಿಟಕಿ ಮುಚ್ಚಿ ಒಲೆ ಹಚ್ಚಿಟ್ಟು ಮಲಗುವುದು, ಮನೆಯ ಗ್ಯಾಸ್ ಗೀಸರ್ ತಂದು ಗಾಡಿಯ ಬಚ್ಚಲಲ್ಲಿ ಹಾಕುವುದು, ಇವೆರಡೂ ಜೀವ ತೆಗೆಯುತ್ತವೆ. ಇದರಲ್ಲಿ ಸಡಿಲಿಕೆ ಬೇಡ.

5 ಕಿಲೋ ಸಿಲಿಂಡರ್ ಇಟ್ಟುಕೊಂಡವರಿಗೆ ಒಂದು ಮಾತು. ಗ್ಯಾಸ್ ಆವಿಯಾಗುವಾಗ ಸಿಲಿಂಡರ್ ತಣ್ಣಗಾಗುತ್ತದೆ. ಚಿಕ್ಕ ಸಿಲಿಂಡರ್, ಅದರಲ್ಲೂ ಮುಗಿಯುತ್ತಾ ಬಂದದ್ದು, ಬೆಳಗಿನ ಚಳಿ, ಎರಡೂ ಬರ್ನರ್ ಜೋರು. ಇವೆಲ್ಲ ಒಟ್ಟಿಗೆ ಸೇರಿದರೆ ಒತ್ತಡ ಇಳಿದು ಉರಿ ಸೊರಗುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತದೆ. ಬ್ಯುಟೇನ್ ಸೊನ್ನೆ ಡಿಗ್ರಿ ಹತ್ತಿರವೇ ಕುದಿಯುವುದನ್ನು ನಿಲ್ಲಿಸುವ ಗ್ಯಾಸು, ಪ್ರೊಪೇನ್ ಮೈನಸ್ 42ರ ತನಕ ಆವಿಯಾಗುತ್ತದೆ. ಹಿಮಾಲಯದ ಕಡೆ ಹೋಗುವವರಿಗೆ ಇದು ದೊಡ್ಡ ವಿಷಯ, ನಮ್ಮೂರಲ್ಲಿ ಅಷ್ಟಿಲ್ಲ. ಒಳಗೆ ಎಷ್ಟಿದೆ ಅಂತ ತಿಳಿಯಲು ತೂಕ ಹಾಕಿ ಮೈಮೇಲೆ ಬರೆದ ಖಾಲಿ ತೂಕ ಕಳೆಯಿರಿ. ಕಾಯಂ ಟಾಂಕಿಯ ಗೇಜ್ ಮುಳ್ಳು ಸಿಕ್ಕಿಕೊಂಡಿದ್ದರೆ ಒಂದು ಚೊಂಬು ಬಿಸಿನೀರನ್ನು ಟಾಂಕಿಯ ಪಕ್ಕಕ್ಕೆ ಸುರಿದು ಅಂಗೈ ಸವರಿ, ಎಲ್ಲಿಂದ ಕೆಳಗೆ ತಣ್ಣಗಿದೆಯೋ ಅಲ್ಲಿಯ ತನಕ ದ್ರವ ಇದೆ.

ಹೊರದೇಶದ ಹಳೆ ಗಾಡಿಗಳು

ಹಂಪಿಯಿಂದ ಗೋವಾ ಕಡೆ ಹೊರಟ ಪ್ರವಾಸಿಗಳ ಹಳೆ ಜರ್ಮನ್ ಗಾಡಿಗಳು ಗದಗ, ಹುಬ್ಬಳ್ಳಿ ದಾಟಿ ಹೋಗುತ್ತವೆ. ಯಾರಾದರೂ ಸಹಾಯ ಕೇಳಿದರೆ ಮೊದಲು ಒಲೆಯ ಮೇಲಿನ ತಗಡಿನ ಚೀಟಿ ಓದಿ. ಹಳೆ ಜರ್ಮನ್ ಮೋಟಾರ್‌ಹೋಮ್‌ಗಳ ಒಲೆ, ಫ್ರಿಜ್ ಎಲ್ಲ 50 ಮಿಲಿಬಾರ್‌ಗೆ ಮಾಡಿದ್ದು. ನಮ್ಮ 30ರ ರೆಗ್ಯುಲೇಟರ್ ಹಾಕಿದರೆ ಉರಿ ಸಣ್ಣಗಾಗುತ್ತದೆ, ಫ್ರಿಜ್ ತಣ್ಣಗಾಗುವುದಿಲ್ಲ, ಅದರಲ್ಲಿ ಕೆಟ್ಟಿದ್ದು ಏನೂ ಇಲ್ಲ. ತಿರುಗಾಮುರುಗಾ ಮಾಡಿ ನಮ್ಮ ಒಲೆಗೆ 50ರ ರೆಗ್ಯುಲೇಟರ್ ಹಾಕಿದರೆ ಉರಿ ಬರ್ನರ್ ಬಿಟ್ಟು ಮೇಲೆ ಹಾರುತ್ತದೆ. ಅವರ ಖಾಲಿ ಸಿಲಿಂಡರ್‌ಗೆ ರಸ್ತೆ ಬದಿ ಅಂಗಡಿಯಲ್ಲಿ ಗ್ಯಾಸ್ ತುಂಬಿಸಿಕೊಡುವ ಕೆಲಸಕ್ಕೆ ಮಾತ್ರ ಹೋಗಬೇಡಿ. ಒಂದರಿಂದ ಇನ್ನೊಂದಕ್ಕೆ ಗ್ಯಾಸ್ ಸುರಿಯುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ಈಗ ಟಾಂಕಿ

ಎಲ್ಲ ನೋಡಿದ ಮೇಲೂ ಗುಳ್ಳೆ ಟಾಂಕಿಯ ಮೈಯಲ್ಲೇ ಎದ್ದರೆ, ಇಲ್ಲವೇ ಅದರ ಮೇಲೆ ಕೂತ ವಾಲ್ವಿನ ಬುಡದಲ್ಲಿ ಎದ್ದರೆ, ನಿಮ್ಮ ಕೆಲಸ ಅಲ್ಲಿಗೆ ನಿಂತಿತು. ಮಾಮೂಲಿ ಸಿಲಿಂಡರ್ ಆದರೆ ಏಜೆನ್ಸಿಗೆ ಹೇಳಿ ಬದಲಿಸಿಕೊಳ್ಳಿ. ಅದರ ಕತ್ತಿನ ಪಟ್ಟಿಯ ಒಳಗೆ ಅಕ್ಷರ ಮತ್ತು ವರ್ಷ ಬರೆದಿರುತ್ತಾರೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಹೀಗೇ ಡಿ ತನಕ. ಬಿ 28 ಅಂತಿದ್ದರೆ 2028ರ ಜೂನ್ ಒಳಗೆ ಅದು ಮತ್ತೆ ಪರೀಕ್ಷೆಗೆ ಹೋಗಬೇಕು. ದಿನ ದಾಟಿದ ಸಿಲಿಂಡರನ್ನು ಬಾಗಿಲಲ್ಲೇ ವಾಪಸ್ ಕಳಿಸಿ.

ಕಾಯಂ ಟಾಂಕಿ ಆದರೆ ನಾವು ಮಾಡಬಹುದಾದ್ದು ತುಕ್ಕು ನೋಡುವುದು. ಮೇಲ್ಮೈ ತುಕ್ಕನ್ನು ಕೈಯಿಂದಲೇ ತಂತಿ ಬ್ರಶ್‌ನಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ಬಿಳಿ ಬಣ್ಣ ಬಳಿಯಿರಿ, ಬಿಳಿಗೆ ಬಿಸಿಲಿನ ಕಾವು ಕಡಿಮೆ ಹಿಡಿಯುತ್ತದೆ. ಗ್ರೈಂಡರ್ ಮುಟ್ಟಿಸಬೇಡಿ. ಉಜ್ಜಿದ ಮೇಲೆ ಉಗುರು ಸಿಕ್ಕಿಕೊಳ್ಳುವಂಥ ಗುಂಡಿಗಳು ಕಂಡರೆ, ಬೆಸುಗೆಯ ಹತ್ತಿರ ನೆಗ್ಗಿದ್ದರೆ, ಪಟ್ಟಿ ಕಟ್ಟಿದ ಜಾಗದ ಅಡಿಯಲ್ಲಿ ತುಕ್ಕು ಪದರ ಪದರವಾಗಿ ಎದ್ದಿದ್ದರೆ ಆ ಟಾಂಕಿ ಮುಗಿಯಿತು. ಆ ಪಟ್ಟಿಯ ಅಡಿಯಲ್ಲಿ ಕೆಸರು ನೀರು ನಿಂತು ಕೊಳೆಯುವುದು ಮೇಲಿಂದ ಕಾಣುವುದಿಲ್ಲ, ಕನ್ನಡಿ ಹಿಡಿದು ನೋಡಿ. ಇಂಜಿನ್ ಟಾಂಕಿಗಳಿಗೆ 5 ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಕಡ್ಡಾಯ, ಅದನ್ನು ಪೆಸೊ ಒಪ್ಪಿಗೆ ಪಡೆದ ಕೇಂದ್ರದಲ್ಲೇ ಮಾಡಿಸಬೇಕು. ಪೆಸೊ ಅಂದರೆ ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರ ಸರ್ಕಾರದ ಸಂಸ್ಥೆ, ಗ್ಯಾಸ್ ಸಿಲಿಂಡರ್‌ಗಳ ಕಾನೂನು ನೋಡಿಕೊಳ್ಳುವುದು ಅದೇ.

ಕಾಯಂ ಟಾಂಕಿಯನ್ನು ಶೇ. 80ಕ್ಕಿಂತ ಜಾಸ್ತಿ ತುಂಬಬಾರದು, ದ್ರವ ಬಿಸಿಗೆ ಹಿಗ್ಗಲು ಜಾಗ ಬೇಕು. ತುಂಬುವಾಗ ತಡೆಯುವ ವಾಲ್ವ್ ಕೆಟ್ಟಿದ್ದರೆ ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಒತ್ತಡ ಬಿಡುವ ವಾಲ್ವ್ ಶಿಳ್ಳೆ ಹಾಕತೊಡಗುತ್ತದೆ. ಅದು ಸೋರಿಕೆ ಅಂತ ಬಟ್ಟೆ ತುರುಕಿ ಮುಚ್ಚಲು ಹೋಗಬೇಡಿ, ಟಾಂಕಿ ಒಡೆಯದೆ ಇರಲೆಂದೇ ಅದು ಇರುವುದು. ಸುತ್ತ ಬೆಂಕಿ, ಕಿಡಿ ಇಲ್ಲದಂತೆ ಮಾಡಿ ಜನರನ್ನು ದೂರ ಕಳಿಸಿ, ದೂರದಿಂದಲೇ ಟಾಂಕಿ ಮೇಲೆ ನೀರು ಬಿಡಿ.

ನನ್ನನ್ನು ಕೇಳಿದರೆ, ಅಡುಗೆಗೆಂದು ಇರುವ ತುಕ್ಕು ಹಿಡಿದ ಕಾಯಂ ಟಾಂಕಿಗೆ ಭಾಗ ಹುಡುಕಿಕೊಂಡು ಅಲೆಯುವುದಕ್ಕಿಂತ ಅದನ್ನು ತೆಗೆಸಿಬಿಡುವುದೇ ವಾಸಿ. ಗ್ಯಾಸ್ ಖಾಲಿ ಮಾಡಿಸುವುದನ್ನು ಮಾತ್ರ ಆ ಕೆಲಸಕ್ಕೆ ಪರವಾನಗಿ ಇರುವವರಿಗೆ ಬಿಡಿ, ಬಯಲಲ್ಲಿ ವಾಲ್ವ್ ತೆರೆದು ಬಿಡಬೇಡಿ. ಅದರ ಬದಲು 5 ಕಿಲೋ ಸಿಲಿಂಡರ್ ನೆಟ್ಟಗೆ ನಿಲ್ಲುವ ಪೆಟ್ಟಿಗೆ ಮಾಡಿಸಿ. ಪೆಟ್ಟಿಗೆಯ ಬಾಗಿಲು ಹೊರಗಿನಿಂದ ಮಾತ್ರ ತೆರೆಯಬೇಕು, ಗಾಡಿಯ ಒಳಗಿನ ಕಡೆ ಸಂದು ಇರಬಾರದು, ತಳದಲ್ಲಿ ತೂತು ಇರಬೇಕು, ಬ್ಯಾಟರಿ, ವೈರು ಯಾವುದೂ ಅದರೊಳಗೆ ಬೇಡ, ಸೈಲೆನ್ಸರ್ ಅದರ ಹತ್ತಿರ ಹಾಯಬಾರದು. ಸಿಲಿಂಡರ್‌ಗೆ ಮೇಲೊಂದು ಕೆಳಗೊಂದು ಬೆಲ್ಟ್ ಕಟ್ಟಿ. ಗಾಡಿ ಓಡುವಾಗ ವಾಲ್ವ್ ಮುಚ್ಚಿರಬೇಕು, ಆ ಪೆಟ್ಟಿಗೆಗೆ ಬೀಗ ಹಾಕುವುದಿದ್ದರೆ ಅದರ ಕೀಲಿ ಎಲ್ಲಿದೆ ಅಂತ ಗಾಡಿಯಲ್ಲಿ ಇರುವ ಎಲ್ಲರಿಗೂ ಹೇಳಿರಿ.